ನನಗೆ ಓದಲು ಬಾರದ ಔಷಧಕೋಶ

ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗಿಡಗಳಿಂದ ಬಂದ ಔಷಧಗಳೇ ನನ್ನ ವಿಷಯ. ಆದರೆ ಸುಮಾರು ಐನೂರು ಪುಟದ ಒಂದು ಔಷಧಕೋಶದ ಒಂದು ಸಾಲೂ ನನಗೆ ಓದಲು ಬರುವುದಿಲ್ಲ. ನನ್ನಂಥವರು ಓದಬಾರದು ಎಂದೇ ಅದನ್ನು ಹಾಗೆ ಬರೆದಿದ್ದಾರೆ. ಅವರು ಮಾಡಿದ್ದು ಸರಿ.

ಬರೆಸಿದವರು ಮತ್ಸೆಸ್ ಬುಡಕಟ್ಟಿನ ಐವರು ಹಿರಿಯ ವೈದ್ಯರು. ಪೆರು ಮತ್ತು ಬ್ರೆಜಿಲ್ ಗಡಿಯ ಯಾವರಿ ನದಿಯ ಕಡೆಯ ಕಾಡು ಅವರದು. 1969ರವರೆಗೆ ಹೊರಗಿನವರ ಜೊತೆ ಅವರಿಗೆ ಶಾಂತಿಯ ಒಡನಾಟವೇ ಇರಲಿಲ್ಲ. ಆಮೇಲೆ ಮಿಷನರಿಗಳು ಬಂದರು, ಮಾತ್ರೆಗಳು ಬಂದವು. ಹುಡುಗರು ಅಜ್ಜಂದಿರ ಹಿಂದೆ ಕಾಡು ಸುತ್ತುವುದು ನಿಂತುಹೋಯಿತು. ವೈದ್ಯರಿಗೆ ವಯಸ್ಸಾಯಿತು, ಕಲಿಯುವವರಿಲ್ಲ. ಕೊನೆಗೆ ಹಿರಿಯರು ಹೇಳಿದರು, ಕಿರಿಯರು ಬರೆದುಕೊಂಡರು, ಗಿಡಗಳ ಫೋಟೋ ತೆಗೆದರು. 2015ರಲ್ಲಿ ಕೆಲಸ ಮುಗಿಯಿತು. ಕಾಯಿಲೆಯ ಗುರುತೇನು, ಯಾಕೆ ಬರುತ್ತದೆ, ಯಾವ ಗಿಡ, ಹೇಗೆ ತಯಾರಿಸಬೇಕು, ಎಲ್ಲವೂ ಮತ್ಸೆಸ್ ಭಾಷೆಯಲ್ಲೇ ಇದೆ. ಸ್ಪ್ಯಾನಿಷ್ ಇಲ್ಲ, ಗಿಡದ ವೈಜ್ಞಾನಿಕ ಹೆಸರೂ ಇಲ್ಲ.

ಇಷ್ಟು ಎಚ್ಚರ ಯಾಕೆ ಅಂತೀರಾ? ಅವರ ಕಪ್ಪೆಯ ಕಥೆ ಕೇಳಿ.

ಅದು ದೊಡ್ಡ ಹಸಿರು ಮರಗಪ್ಪೆ. ಅದರ ನಾಲ್ಕೂ ಕಾಲು ಕಟ್ಟಿ, ಮೈಮೇಲಿನ ಲೋಳೆಯನ್ನು ಕೆರೆದು, ಕಡ್ಡಿಗೆ ಸವರಿ ಒಣಗಿಸುತ್ತಾರೆ. ಕಪ್ಪೆಯನ್ನು ಬಿಟ್ಟುಬಿಡುತ್ತಾರೆ. ಬೇಟೆಗೆ ಹೋಗುವವನ ತೋಳು ಅಥವಾ ಎದೆಯ ಮೇಲೆ ಕೊಳ್ಳಿಯಿಂದ ಚುಕ್ಕೆಯಷ್ಟು ಸುಟ್ಟು, ಆ ಲೋಳೆಯನ್ನು ಉಗುಳಿನಲ್ಲಿ ಕಲಸಿ ಹಚ್ಚುತ್ತಾರೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಮುಖ ಊದುತ್ತದೆ, ವಾಂತಿಯಾಗುತ್ತದೆ. ಅದೆಲ್ಲ ಇಳಿದ ಮೇಲೆ ಮೈ ಹಗುರ, ಕಣ್ಣು ಚುರುಕು ಅನ್ನುತ್ತಾರೆ. (ಈಗ ಇದನ್ನು ದೂರದ ದೇಶಗಳಲ್ಲಿ ದುಡ್ಡಿಗೆ ಮಾಡುತ್ತಾರೆ, ಸಾವುಗಳೂ ಆಗಿವೆ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ.) ಸುದ್ದಿ ಹೊರಗೆ ಬಂದದ್ದೇ ತಡ, ಲೋಳೆಯಲ್ಲಿರುವ ಪೆಪ್ಟೈಡ್‌ಗಳ (ಪ್ರೋಟೀನಿನ ಚಿಕ್ಕ ತುಣುಕುಗಳಂಥವು) ಮೇಲೆ ಪೇಟೆಂಟ್ ಅರ್ಜಿಗಳು ಬಿದ್ದವು.

ಅಮೆಜಾನಿನವರಿಗೆ ಇದು ಹೊಸದೂ ಅಲ್ಲ. 1986ರಲ್ಲಿ ಅಮೆರಿಕದವನೊಬ್ಬ, ಅಲ್ಲಿನವರು ಆಚರಣೆಗೂ ಮದ್ದಿಗೂ ಬಳಸುವ ಆಯಾಹುವಾಸ್ಕಾ ಬಳ್ಳಿಯ ಒಂದು ತಳಿಗೇ ಪೇಟೆಂಟ್ ಪಡೆದಿದ್ದ. ಬುಡಕಟ್ಟುಗಳು ಹೋರಾಡಿದ ಮೇಲೆ 1999ರಲ್ಲಿ ಅದು ರದ್ದಾಯಿತು, 2001ರಲ್ಲಿ ಮತ್ತೆ ಅವನ ಪಾಲಾಯಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಾವು ಭಾರತದವರು 1997ರಲ್ಲಿ ರದ್ದು ಮಾಡಿಸಿದ್ದು ಹಳೆಯ ಬರಹಗಳನ್ನು ತೋರಿಸಿ. ಬಾಯಿಂದ ಬಾಯಿಗೆ ಬಂದ ವಿದ್ಯೆಗೆ ಯಾವ ಕಾಗದ ತೋರಿಸುವುದು?

ಅದೂ ಅಲ್ಲದೆ, ಪುಸ್ತಕವೊಂದೇ ಕೈಗೆ ಸಿಕ್ಕರೆ ವೈದ್ಯರಾಗಲು ಆಗುವುದಿಲ್ಲ. ಎಷ್ಟೋ ಕಾಯಿಲೆ ಯಾವುದೋ ಪ್ರಾಣಿಯ ಚೇತನದಿಂದ ಬರುತ್ತದೆ ಎನ್ನುವುದು ಮತ್ಸೆಸ್ ತಿಳಿವಳಿಕೆ. ಹಾಗಾಗಿ ಅಲ್ಲಿನ ವೈದ್ಯನಿಗೆ ಗಿಡದಷ್ಟೇ ಪ್ರಾಣಿಗಳೂ ಗೊತ್ತಿರಬೇಕು. ಒಂದು ಹಳ್ಳಿಯ ಹತ್ತಿರ ಹಿರಿಯ ವೈದ್ಯರೊಬ್ಬರು ಮದ್ದಿನ ತೋಟ ಬೆಳೆಸಿದ್ದಾರೆ. ನಮ್ಮ ಕಣ್ಣಿಗೆ ಅದು ಬರೀ ಕಾಡು. ಕಿರಿಯರು ಅಲ್ಲಿ ಅವರ ಜೊತೆ ನಡೆದೇ ಕಲಿಯಬೇಕು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಅದರಲ್ಲಿ ಕ್ಯಾನ್ಸರ್‌ಗೆ ಮದ್ದಿದ್ದರೆ?" ಒಳ್ಳೆಯ ಪ್ರಶ್ನೆ. ಹಾಗಿದ್ದರೆ ಹೋಗಿ ಕೇಳಬೇಕಮ್ಮ, ಒಪ್ಪಿಗೆ ತಗೋಬೇಕು, ಲಾಭದಲ್ಲಿ ಪಾಲು ಕೊಡಬೇಕು ಅಂದೆ. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಹೇಳುವುದೂ ಅದನ್ನೇ. ಪೆರುವೂ ಭಾರತವೂ ಅದರಲ್ಲಿವೆ. ಕೇಳಿದ ಮೇಲೂ ಅವರು ಕೊಡುವುದಿಲ್ಲ ಎನ್ನಬಹುದು. ಆಗ ನಾವು ವಾಪಸ್ ಬರಬೇಕು.