ಆ ಮಾತ್ರೆ ಕೇಳಲು ಬಂದವರಿಗೆ ನಾನು ಕೇಳದೇ ಹೋದ ಪ್ರಶ್ನೆ

ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ 11 ವರ್ಷದಿಂದ ಫಾರ್ಮಸಿಸ್ಟ್ ಆಗಿದ್ದೇನೆ. ನಿಮಿರುವಿಕೆಯ ತೊಂದರೆಗೆ ಮಾತ್ರೆ ಕೇಳಲು ಬರುವ ಗಂಡಸರು ದೂರದಿಂದಲೇ ಗೊತ್ತಾಗುತ್ತಾರೆ. ಅಂಗಡಿ ಖಾಲಿಯಾಗಲಿ ಅಂತ ಬೈಕಿನ ಹತ್ತಿರ ನಿಂತು ಫೋನ್ ನೋಡುತ್ತಿರುತ್ತಾರೆ, ಆಮೇಲೆ ಬಂದು ಮೊದಲು ಜ್ವರದ ಮಾತ್ರೆ ಕೇಳುತ್ತಾರೆ, ಅದನ್ನು ಕವರಿಗೆ ಹಾಕುವಾಗ ಧ್ವನಿ ಇಳಿಸಿ "ನರ ಸ್ವಲ್ಪ ವೀಕ್ ಆಗಿದೆ, ಏನಾದ್ರೂ ಕೊಡಿ" ಅನ್ನುತ್ತಾರೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಹೀಗೇ ಒಬ್ಬರು ಬಂದರು. 45ರ ಆಸುಪಾಸು ವಯಸ್ಸು. "ಚೀಟಿ ಇಲ್ದೆ ಕೊಡಲ್ಲ ಸರ್" ಅಂದೆ, ಜೋರಾಗಿಯೇ. ಅಷ್ಟರಲ್ಲಿ ಒಳಗೆ ಬಂದಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು. ಆ ಗಿರಾಕಿ ಜ್ವರದ ಮಾತ್ರೆಯನ್ನೂ ಬಿಟ್ಟು ಹೋದರು. ಈ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ. ಮನುಷ್ಯನ ಲೆಕ್ಕದಲ್ಲಿ ಅಲ್ಲ.

ಏಳೆಂಟು ತಿಂಗಳ ಮೇಲೆ ಅವರೇ ಡಿಸ್ಚಾರ್ಜ್ ಚೀಟಿ ಹಿಡಿದು ಬಂದರು. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಚೀಟಿಯಲ್ಲಿ ಆಸ್ಪಿರಿನ್, ಅಟೋರ್ವಾಸ್ಟಾಟಿನ್, ಎದೆ ನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್, ಜೊತೆಗೆ ಶುಗರ್ ಮಾತ್ರೆ. ಶುಗರ್ ಇದೆ ಅಂತ ಆಸ್ಪತ್ರೆ ಸೇರಿದಾಗಲೇ ಗೊತ್ತಾಗಿದ್ದಂತೆ. "ಆ ತೊಂದರೆ ಎರಡು ವರ್ಷದಿಂದ ಇತ್ತು, ಯಾರಿಗೂ ಹೇಳಿರಲಿಲ್ಲ" ಅಂದರು. ನನಗೆ ಹೇಳಲು ಬಂದಿದ್ದರು ಅಲ್ವಾ, ನಾನು ಬಾಯಿ ಮುಚ್ಚಿಸಿದ್ದೆ.

ಆಮೇಲೆ ಕೂತು ಓದಿದೆ. ನಿಮಿರುವಿಕೆಗೆ ಮುಖ್ಯವಾಗಿ ಬೇಕಾಗುವುದು ರಕ್ತದ ಹರಿವು. ಅಲ್ಲಿನ ರಕ್ತನಾಳ ಸುಮಾರು 1ರಿಂದ 2 ಮಿಲಿಮೀಟರ್ ಅಗಲ, ಹೃದಯದ್ದು 3ರಿಂದ 4. ಶುಗರ್, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಬೊಜ್ಜು ಎಲ್ಲ ನಾಳವನ್ನೂ ಹಾಳು ಮಾಡುತ್ತವೆ, ಆದರೆ ಸಣ್ಣ ನಾಳದಲ್ಲಿ ಅದು ಬೇಗ ಕಾಣುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ಎದೆ ನೋವಿಗಿಂತ ಎರಡು ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗುತ್ತದೆ. ಎಲ್ಲರಿಗೂ ಹೃದಯದ ಕಾಯಿಲೆಯೇ ಅಂತಲ್ಲ, ವಯಸ್ಸು ಚಿಕ್ಕದಿದ್ದರೆ ಚಿಂತೆ, ಖಿನ್ನತೆ, ಕುಡಿತವೂ ಕಾರಣ ಆಗಬಹುದು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಲ್ಪವೋ ಜಾಸ್ತಿಯೋ, ಶೇ. 52 ಜನರಿಗೆ ಈ ತೊಂದರೆ ಇತ್ತು. ಇಬ್ಬರಲ್ಲಿ ಒಬ್ಬರು! ಆದರೂ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಗಿದೆ ಅಂದುಕೊಂಡೇ ನನ್ನ ಮುಂದೆ ನಿಲ್ಲುತ್ತಾರೆ.

ಈಗಲೂ ಚೀಟಿ ಇಲ್ಲದೆ ಕೊಡುವುದಿಲ್ಲ. ಆದರೆ ತೂಕದ ಮೆಷಿನ್ ಇರುವ ಮೂಲೆಗೆ ಕರೆದು ಮೆತ್ತಗೆ ಕೇಳುತ್ತೇನೆ: ಶುಗರ್, ಬಿಪಿ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು, ಎದೆ ನೋವಿಗೆ ಏನಾದ್ರೂ ತಗೋತೀರಾ? ಚೀಟಿ ತಂದವರಿಗೂ ಇದನ್ನು ಬಿಡುವುದಿಲ್ಲ, ಯಾಕಂದರೆ ಸಾರ್ಬಿಟ್ರೇಟ್ ಜೊತೆ ಸಿಲ್ಡೆನಾಫಿಲ್ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು ಬರಬಹುದು. ಕೆಲವರು ಸಿಟ್ಟಾಗಿ ಹೋಗುತ್ತಾರೆ.

ಹೋದ ತಿಂಗಳು ಒಬ್ಬರು, ಬಿಪಿ ಮಾತ್ರೆಯಿಂದಲೇ ಹೀಗಾಯಿತು ಅಂತ ಸುಮ್ನೆ ತಾವಾಗೇ ಅದನ್ನು ಬಿಟ್ಟು ನಾಲ್ಕು ತಿಂಗಳಾಗಿದೆ ಅಂದರು. ಕೆಲವು ಬಿಪಿ ಮಾತ್ರೆಗಳಿಂದ ಹಾಗಾಗುವುದು ನಿಜ. "ಬಿಡಬೇಡಿ ಅಣ್ಣ, ಡಾಕ್ಟ್ರಿಗೆ ಇದನ್ನೇ ಹೇಳಿ, ಬೇರೆ ಮಾತ್ರೆ ಬರೆದುಕೊಡ್ತಾರೆ" ಅಂದೆ. ಮೊನ್ನೆ ಹೊಸ ಚೀಟಿ ತಂದಿದ್ದರು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು, ಬೈಕಿನ ಹತ್ತಿರ ಕಾಯದೆ ನೇರ ಕೌಂಟರಿಗೇ ಬಂದರು.