ಹಸಿರು ಮುಚ್ಚಳದ ಟ್ಯೂಬು

ಲ್ಯಾಬಿಗೆ ಸೇರಿ ಮೂರೇ ತಿಂಗಳಾಗಿತ್ತು. ಮನೋರೋಗ ವಿಭಾಗದಿಂದ ಒಬ್ಬ ಹುಡುಗ ಬಂದ, ಜೊತೆಗೆ ಅವನಮ್ಮ. ಲಿಥಿಯಂ ಮಾತ್ರೆ ತಗೋತಿದ್ದ, ರಕ್ತದಲ್ಲಿ ಅದೆಷ್ಟಿದೆ ಅಂತ ನೋಡಬೇಕಿತ್ತು. ಸ್ಟ್ಯಾಂಡಿನಲ್ಲಿ ಕೆಂಪು ಮುಚ್ಚಳದ ಟ್ಯೂಬು ಖಾಲಿ. ಎದ್ದುಹೋಗಿ ತರಲು ಸೋಮಾರಿತನ. ಕೈಗೆ ಸಿಕ್ಕ ಹಸಿರು ಮುಚ್ಚಳದ್ದಕ್ಕೇ ಅರ್ಧ ತುಂಬಿಸಿ, ಎಂಟ್ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಇಟ್ಟೆ.

ಬಂದದ್ದು 2.9. ಇರಬೇಕಾದದ್ದು ಹೆಚ್ಚೆಂದರೆ 1.2.

ಡಾಕ್ಟರ ಫೋನು ಬಂತು. "ಇಷ್ಟಿದ್ರೆ ಹುಡುಗ ನಡುಗಬೇಕಿತ್ತಲ್ಲಮ್ಮ, ಇಲ್ಲಿ ಆರಾಮಾಗಿ ಕೂತು ಬನ್ನು ತಿಂತಿದಾನೆ!"

ನಮ್ಮ ಸೀನಿಯರ್ ಮೇಡಂ ಬೈಯಲಿಲ್ಲ. ಟ್ಯೂಬು ಎತ್ತಿ, ಲೇಬಲ್ಲಿನ ಸಣ್ಣಕ್ಷರದ ಮೇಲೆ ಉಗುರಿಟ್ಟರು: ಲಿಥಿಯಂ ಹೆಪಾರಿನ್.

ಹಸಿರು ಅಂದ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್ ಅಂತ ಡಿಪ್ಲೊಮಾದಲ್ಲಿ ಉರು ಹೊಡೆದಿದ್ದೆ, ಅಷ್ಟೇ. ಹೆಪಾರಿನ್ ಸಲ್ಫೇಟುಗಳಿಂದ ತುಂಬಿದ ಸಕ್ಕರೆಯ ಸರಪಳಿ, ಮೈಯೆಲ್ಲ ಋಣ ವಿದ್ಯುದಂಶ. ಒಂಟಿಯಾಗಿ ಬರೋದಿಲ್ಲ, ಧನ ವಿದ್ಯುದಂಶದ ಜೋಡಿ ಬೇಕು. ಸೋಡಿಯಂ ಜೋಡಿಸಿದರೆ ಸೋಡಿಯಂ ಪರೀಕ್ಷೆ ಕೆಡುತ್ತೆ. ಲಿಥಿಯಂ ನಮ್ಮ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಅದನ್ನು ಆರಿಸಿದ್ದು. ಕೆಡೋದು ಒಂದೇ ಪರೀಕ್ಷೆ, ನಾನು ಮಾಡಿದ್ದೂ ಅದನ್ನೇ! ಅರ್ಧ ಟ್ಯೂಬು ರಕ್ತಕ್ಕೆ ಇಡೀ ಟ್ಯೂಬಿನ ಲಿಥಿಯಂ ಬೇರೆ.

ಹಾಗಂತ ಹಸಿರು ಟ್ಯೂಬನ್ನು ಬೈಯಲಾರೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರೋ ಇಡಿಟಿಎ ಅನ್ನೋ ರಾಸಾಯನಿಕ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಹೆಪ್ಪು ತಡೆಯುತ್ತೆ, ಆಮೇಲೆ ಕ್ಯಾಲ್ಸಿಯಂ ಅಳೆಯೋ ಹಾಗಿಲ್ಲ. ಹೆಪಾರಿನ್ ಆ ಗೋಜಿಗೆ ಹೋಗದೆ, ರಕ್ತದಲ್ಲೇ ಇರೋ, ಹೆಪ್ಪು ತಡೆಯೋ ಆಂಟಿಥ್ರಾಂಬಿನ್ ಅನ್ನೋ ಪ್ರೋಟೀನನ್ನು ಎಚ್ಚರಿಸಿ ಕೆಲಸ ಮಾಡಿಸುತ್ತೆ. ಐಸಿಯುನಲ್ಲಿ ಸೂಜಿಯಿಂದ ಕೊಡೋದೂ ಇದನ್ನೇ, ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆದದ್ದು.

ಹೆಪಾರಿನ್ ಕಥೆ ಶುರುವಾದದ್ದೂ ಎಡವಟ್ಟಿನಿಂದಲೇ. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಹುಡುಕಹೊರಟದ್ದು ರಕ್ತ ಹೆಪ್ಪುಗಟ್ಟಿಸೋ ವಸ್ತುವನ್ನು. ನಾಯಿಯ ಯಕೃತ್ತಿನಲ್ಲಿ ಸಿಕ್ಕಿದ್ದು ಹೆಪ್ಪುಗಟ್ಟಲು ಬಿಡದ್ದು. ಎಡವಟ್ಟಾಗಿಯೂ ಆತ ಪುಸ್ತಕ ಸೇರಿದ, ನಾನು ಮೇಡಂನ ರಿಜಿಸ್ಟರ್ ಸೇರಿದೆ.

ಮತ್ತೆ ಕರೆಸಿದಾಗ ತಾಯಿ "ಇನ್ನೊಂದ್ಸಲ ಚುಚ್ಬೇಕಾ ಮಗಳೇ?" ಅಂದರು. ತಪ್ಪು ನಂದು ಅಂತ ಒಪ್ಪಿಕೊಂಡೆ. ಹುಡುಗ ಮಾತಾಡದೆ ಇನ್ನೊಂದು ತೋಳು ಚಾಚಿದ. ಕೆಂಪು ಮುಚ್ಚಳ, 0.8.