ತಗಡಿನ ಶೆಡ್ಡಿನಲ್ಲಿ ಕೆಡದ ಸನ್‌ಸ್ಕ್ರೀನ್: ಒಂಬತ್ತನೇ ಬ್ಯಾಚಿನವರೆಗೆ

ಫೆಬ್ರುವರಿ 11

ತಿಕೋಟಾ ಕಡೆ ಅಕ್ಕನ ದ್ರಾಕ್ಷಿ ತೋಟದಲ್ಲಿ ಕಟಾವು ನಡೆದಿದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಸೆರಗು ಬಿಗಿದು ಹೆಣ್ಣುಮಕ್ಕಳು ಸಾಲಿಗೆ ಇಳಿದರೆ ಹೊತ್ತು ನೆತ್ತಿಗೆ ಬರುವವರೆಗೂ ಮೇಲೇಳುವುದಿಲ್ಲ. ಅಕ್ಕನ ಎರಡೂ ಕೆನ್ನೆಗೆ ಭಂಗು ಹಬ್ಬಿದೆ. ವೈದ್ಯರು ಬರೆದುಕೊಟ್ಟ 50 ಗ್ರಾಂ ಸನ್‌ಸ್ಕ್ರೀನ್ ಟ್ಯೂಬು ಅವಳಿಗೆ ಆರು ತಿಂಗಳು ಬಂತಂತೆ. ನನಗೆ ಅಲ್ಲೇ ಗೊತ್ತಾಯಿತು. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬ ಅಂಕಿ) ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ, ಕುತ್ತಿಗೆ ಸೇರಿದರೆ ಒಂದು ಗ್ರಾಂ ದಾಟುತ್ತದೆ. ದಿನಕ್ಕೆ ಒಂದೇ ಸಲ ಹಚ್ಚಿದರೂ ಆ ಟ್ಯೂಬು ಒಂದೂವರೆ ತಿಂಗಳಲ್ಲಿ ಖಾಲಿಯಾಗಬೇಕಿತ್ತು.

"ಯಾಕ ಇಷ್ಟ ಕಡಿಮಿ ಹಚ್ಚತಿ?" ಅಂದೆ. "ಹಚ್ಚಾಕ ಹ್ವಾದ್ರ ಎಳೀತೈತಿ. ಮ್ಯಾಲ ಬೂದಿ ಬಳದಂಗ ಕಾಣತೈತಿ" ಅಂದಳು.

ನಾನು ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸಾಬೂನು, ಕ್ರೀಮು ಮಾಡುವ ಹವ್ಯಾಸ ಮೊದಲಿನಿಂದಲೂ ಇದೆ. ಅಕ್ಕನ ಆ ಎರಡು ಮಾತನ್ನೇ ಗುರಿ ಮಾಡಿಕೊಂಡು ಶುರು ಮಾಡಿದ್ದೇನೆ: ಕ್ರೀಮು ಎಳೆಯಬಾರದು, ಬೂದಿ ಕಾಣಬಾರದು. ಮೂರನೆಯದು ನನ್ನ ಕಡೆಯಿಂದ. ಒಣದ್ರಾಕ್ಷಿ ಶೆಡ್ಡಿನ ತಗಡಿನ ಕೆಳಗೆ ಏಪ್ರಿಲ್ ಕಳೆದರೂ ಅದು ಒಡೆಯಬಾರದು. ನಮ್ಮಲ್ಲಿ ಆಗ ನೆರಳಿನಲ್ಲೇ 40 ಡಿಗ್ರಿ ದಾಟಿರುತ್ತದೆ.

ಈ ಡಬ್ಬಿಗಳ ಮೇಲೆ ನಾನು ಎಸ್‌ಪಿಎಫ್ ಸಂಖ್ಯೆ ಬರೆಯುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಅಳೆದೇ ತಿಳಿಯಬೇಕು. ಬಿಸಿಲು ತಡೆಯುವ ಸತುವಿನ ಪುಡಿ (ಜಿಂಕ್ ಆಕ್ಸೈಡ್) ಎಷ್ಟು ಹಾಕಿದೆ ಎಂದು ಲೆಕ್ಕ ಹಿಡಿದು ಹೇಳಲು ಬರುವುದಿಲ್ಲ. ಹಾಗಾಗಿ ಅಕ್ಕನ ಅಂಗಿ, ಸೆರಗು ಇದ್ದಂತೆಯೇ ಇರುತ್ತವೆ.

ಫೆಬ್ರುವರಿ 27

ಮೂರು ಬ್ಯಾಚು ಆದವು, ಮೂರೂ ಕೆಟ್ಟವು. ಕಾರಣ ತಿಳಿದಿದೆ, ಅದನ್ನು ಬರೆದಿಡುತ್ತೇನೆ.

ಒಂದನೆಯದು ಸ್ಟಿಯರಿಕ್ ಆಮ್ಲದ ಹಳೆಯ ವ್ಯಾನಿಷಿಂಗ್ ಕ್ರೀಮ್, ಅದರಲ್ಲಿ ಜಿಂಕ್ ಆಕ್ಸೈಡ್. ಮೊದಲ ದಿನ ಬೆಣ್ಣೆಯಂತಿತ್ತು, ವಾರದೊಳಗೆ ರವೆ ರವೆ. ಜಿಂಕ್ ಆಕ್ಸೈಡ್ ಪ್ರತ್ಯಾಮ್ಲೀಯ. ಅದು ಸ್ಟಿಯರಿಕ್ ಆಮ್ಲದ ಜೊತೆ ಕೂಡಿ ಜಿಂಕ್ ಸ್ಟಿಯರೇಟ್ ಆಗುತ್ತದೆ. ಅಂದರೆ ಡಬ್ಬಿಯೊಳಗೇ ನೀರಿಗೆ ಕರಗದ ಸಾಬೂನು ತಯಾರಾಗುತ್ತಿತ್ತು. ಎರಡನೆಯದು ಕಾರ್ಬೊಮರ್ ಎಂಬ ಪಾಲಿಮರಿನ ಜೆಲ್. ಅದರ ಸರಪಣಿಗಳ ಮೇಲಿರುವ ಋಣ ಆವೇಶಗಳೇ ಒಂದನ್ನೊಂದು ದೂಡಿ ಜೆಲ್ಲನ್ನು ಉಬ್ಬಿಸಿ ಹಿಡಿಯುತ್ತವೆ. ಸತುವಿನ ಅಯಾನು ಬಂದು ಅವಕ್ಕೆ ಅಂಟಿತು, ಜೆಲ್ ಕುಸಿದು ನೀರಾಯಿತು. ಮೂರನೆಯದಕ್ಕೆ ಮಂದ ಮಾಡುವ ಕ್ಸಾಂಥಾನ್ ಗಮ್ ಹಾಕಿದ್ದೆ. ತಗಡಿನ ಕೆಳಗೆ ಐದು ದಿನ ಇಟ್ಟಾಗ ಪುಡಿಯೆಲ್ಲ ತಳಕ್ಕೆ ಕೂತಿತ್ತು. ಜಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟಿಗೂ ಹೆಚ್ಚು ಭಾರ.

ಮಾರ್ಚ್ 9

ತೋಟದಲ್ಲಿ ಭಾವ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿಸುತ್ತಿದ್ದರು. ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ ನೀರಿಗೆ ಈಥೈಲ್ ಓಲಿಯೇಟ್ ಬೆರೆಸಿ ಕಲಕಿದರೆ ಹಾಲಿನಂತಾಗುತ್ತದೆ. ಅದು ಹಣ್ಣಿನ ಮೇಣದ ಪದರವನ್ನು ಸಡಿಲಿಸುತ್ತದೆ, ದ್ರಾಕ್ಷಿ ಬೇಗ ಒಣಗುತ್ತದೆ. ತೊಟ್ಟಿ ಕಲಕುವ ಹುಡುಗನಿಗೆ ಭಾವ ಹೇಳುತ್ತಿದ್ದರು: "ಕೈ ಬಿಡಬ್ಯಾಡ, ಎಣ್ಣಿ ಮ್ಯಾಲ ಬರ್ತೈತಿ." ಎಣ್ಣೆ, ನೀರು ಹೀಗೆ ಹನಿಹನಿಯಾಗಿ ಬೆರೆತದ್ದೇ ಎಮಲ್ಷನ್. ಅದರ ಪಾಠವನ್ನು ಕ್ಲಾಸಿನಲ್ಲಿ ಎಷ್ಟೋ ವರ್ಷ ಮಾಡಿದ್ದೇನೆ. ಮುಂದಿನ ವರ್ಷ ಅದನ್ನು ಈ ತೊಟ್ಟಿಯಿಂದಲೇ ಶುರು ಮಾಡುತ್ತೇನೆ.

ಅಲ್ಲಿ ಕೂತೇ ನಿರ್ಧರಿಸಿದೆ, ಎಮಲ್ಷನ್ನನ್ನೇ ತಿರುವಿ ಹಾಕಬೇಕು. ನೀರಿನಲ್ಲಿ ಎಣ್ಣೆಯ ಬದಲು ಎಣ್ಣೆಯಲ್ಲಿ ನೀರು. ಆಗ ಸತುವಿನ ಪುಡಿ ಎಣ್ಣೆಯಲ್ಲಿ ಇರುತ್ತದೆ, ನೀರಿಗೆ ತಾಗುವುದು ಕಡಿಮೆ. ಬೆವರಿಗೂ ಅಷ್ಟು ಸುಲಭಕ್ಕೆ ತೊಳೆದುಹೋಗುವುದಿಲ್ಲ.

ಮಾರ್ಚ್ 21, ಬ್ಯಾಚು 4 ಮತ್ತು 5

ಎಣ್ಣೆ, ನೀರು ಬೇರೆಯಾಗದಂತೆ ಹಿಡಿಯುವ ಎಮಲ್ಸಿಫೈಯರ್ ಪಾಲಿಗ್ಲಿಸರಿಲ್-3 ಪಾಲಿರಿಸಿನೋಲಿಯೇಟ್. ಔಡಲೆಣ್ಣೆಯಿಂದ ಬರುವ ಇದೇ ವಸ್ತುವನ್ನು ಚಾಕೊಲೇಟಿಗೂ ಹಾಕುತ್ತಾರೆ, ಕರಗಿದ ಚಾಕೊಲೇಟ್ ಅಚ್ಚಿನಲ್ಲಿ ಸರಾಗ ಹರಿಯಲೆಂದು. ಸತುವು ಈ ಸಲ ಸಿಲೇನ್ ಲೇಪನದ್ದು, ಎಣ್ಣೆಯಲ್ಲಿ ಚೆನ್ನಾಗಿ ನೆನೆಯುತ್ತದೆ. ಪುಡಿ ತೂಗುವಾಗ ಮಾಸ್ಕು ಕಟ್ಟಲೇಬೇಕು, ಫ್ಯಾನು ಹಾಕಬಾರದು.

ನೀರನ್ನು ಗಡಿಬಿಡಿಯಿಂದ ಸುರಿದೆ, 4ನೇ ಬ್ಯಾಚು ತಿರುಗಿಬಿತ್ತು. ತಿಳಿದದ್ದು ಹೀಗೆ: ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟೆ. ಎಣ್ಣೆ ಹೊರಗಿದ್ದರೆ ಮುದ್ದೆಯಾಗಿ ನಿಲ್ಲಬೇಕು, ಇದು ಹಾಲಾಗಿ ಹರಡಿತು. 5ರಲ್ಲಿ ದಾರದಷ್ಟು ಸಣ್ಣ ಧಾರೆ ಕಟ್ಟಿ, ನಡುನಡುವೆ ನಿಲ್ಲಿಸಿ ಸುರಿದೆ. ಮುದ್ದೆ ಮುದ್ದೆಯಾಗಿಯೇ ಉಳಿಯಿತು. ನೀರಿಗೆ 0.7 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹಾಕಿದ್ದೆ. ಚಿಕ್ಕ ಹನಿಯ ನೀರು ದೊಡ್ಡ ಹನಿಗೆ ಸೋರಿಹೋಗದಂತೆ ಈ ಉಪ್ಪು ಹಿಡಿದಿಡುತ್ತದೆ. ನಮ್ಮ ಬೋರಿನ ಗಡಸು ನೀರಿನಲ್ಲಿ ಲವಣ ಎಷ್ಟೆಂದು ಲೆಕ್ಕವಿರುವುದಿಲ್ಲ, ಅದಕ್ಕೆ ಡಿಸ್ಟಿಲ್ಡ್ ನೀರೇ.

5ನೇ ಬ್ಯಾಚು ತಗಡಿನ ಕೆಳಗೆ ಹತ್ತು ದಿನ ಅಲುಗಲಿಲ್ಲ. ಹಚ್ಚಲು ಹೋದರೆ ಮೇಣ. ಮೊಣಕೈ ಒಳಮಗ್ಗುಲಿಗೆ ಮೂರು ದಿನ ಹಚ್ಚಿ ನೋಡಿ, ಆಮೇಲೆ ಅಕ್ಕನಿಗೆ ಕೊಟ್ಟೆ. ಡಬ್ಬಿಯನ್ನು ಮೊದಲು, ಆಮೇಲೆ ತೂಗಿದೆ: ಅವಳು ತೆಗೆದುಕೊಂಡದ್ದು 0.3 ಗ್ರಾಂ. ಇನ್ನು ಮುಂದೆ ಈ ಯೋಜನೆಯ ಮುಖ್ಯ ಅಳತೆ ಇದೇ. ಹೇಳದೆ, ಕೇಳದೆ ಅಕ್ಕ ತಾನಾಗಿ ಎಷ್ಟು ಹಚ್ಚಿಕೊಳ್ಳುತ್ತಾಳೆ ಎಂಬುದು.

ಏಪ್ರಿಲ್ 6

ಕಾಲೇಜಿನಿಂದ ಎರಡು ಗಾಜಿನ ಫಲಕ ತಂದು ಅಳೆಯತೊಡಗಿದ್ದೇನೆ. ಕೆಳಗಿನ ಗಾಜಿನ ಮೇಲೆ ಅರ್ಧ ಗ್ರಾಂ ಕ್ರೀಮು, ಮೇಲೆ ಇನ್ನೊಂದು ಗಾಜು, ಅದರ ಮೇಲೆ 500 ಗ್ರಾಂ ತೂಕದ ಕಲ್ಲು, ಒಂದು ನಿಮಿಷ. ಆಮೇಲೆ ವೃತ್ತದ ಅಡ್ಡಳತೆ. 5ನೇ ಬ್ಯಾಚು 3.1 ಸೆಂಟಿಮೀಟರು.

6ರಲ್ಲಿ ಜೇನುಮೇಣ 4 ಗ್ರಾಂನಿಂದ 1ಕ್ಕೆ ಇಳಿಸಿದೆ. ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್ ಎಂಬ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದು ತೆಳುವಾದ ಕೊಕೊ-ಕ್ಯಾಪ್ರಿಲೇಟ್ ಹಾಕಿದೆ. 5.4 ಸೆಂಟಿಮೀಟರು! ಕೈಗೆ ರೇಷ್ಮೆ ತಾಗಿದಂತೆ. ನಾಲ್ಕನೇ ದಿನ ತಗಡಿನ ಕೆಳಗೆ ಶೇಂಗಾ ಎಣ್ಣೆ ಬಿಟ್ಟಂತೆ ಮೇಲೆ ಎಣ್ಣೆಯ ಪದರ ನಿಂತಿತ್ತು. ಗಟ್ಟಿ ಮಾಡಿದರೆ ಹರಡುವುದಿಲ್ಲ, ಹರಡುವಂತೆ ಮಾಡಿದರೆ ನಿಲ್ಲುವುದಿಲ್ಲ. 7ರಲ್ಲಿ ನಡುವಿನ ಅಳತೆ ಹಿಡಿದೆ, ಎರಡೂ ಅರ್ಧಂಬರ್ಧ ಆದವು.

ಏಪ್ರಿಲ್ 14

ಅವ್ವ ಮಣ್ಣಿನ ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕುತ್ತಾಳೆ. ಗಡಿಗೆ ಓರೆ ಮಾಡಿದರೂ ಅದು ಜಾರುವುದಿಲ್ಲ. ಸೌಟಿನಿಂದ ನಾಲ್ಕು ಸುತ್ತು ತಿರುವಿದರೆ ಹರಿಯುತ್ತದೆ. ನನಗೆ ಬೇಕಾದದ್ದು ಆ ಗುಣ: ಸುಮ್ಮನಿದ್ದಾಗ ಗಟ್ಟಿ, ಉಜ್ಜಿದಾಗ ಸಡಿಲ. ಮೇಣ ಅದನ್ನು ಕೊಡುವುದಿಲ್ಲ, ಅದು ಬೆರಳಿನ ಕೆಳಗೂ ಗಟ್ಟಿಯಾಗಿಯೇ ಎಳೆಯುತ್ತದೆ. ಜೇಡಿ ಕೊಡುತ್ತದೆ. ಎಣ್ಣೆಗೆ ಒಗ್ಗುವಂತೆ ಮಾಡಿದ ಹೆಕ್ಟೊರೈಟ್ ಜೇಡಿಯ ತೆಳು ಹಾಳೆಗಳು ಎಣ್ಣೆಯಲ್ಲಿ ಅಂಚಿಗೆ ಅಂಚು ಹಿಡಿದು ಜಾಲ ಕಟ್ಟುತ್ತವೆ. ಭಾರದ ಸತುವಿನ ಕಣ ಆ ಜಾಲದಲ್ಲಿ ತೂಗಿಕೊಂಡಿರುತ್ತದೆ. ಉಜ್ಜಿದರೆ ಜಾಲ ಬಿಡುತ್ತದೆ, ಬಿಟ್ಟರೆ ಮತ್ತೆ ಕಟ್ಟುತ್ತದೆ. ಪುಡಿ ಜೇಡಿಯನ್ನು ಅರಳಿಸಲು ದೊಡ್ಡ ಯಂತ್ರ ಬೇಕಾಗುವುದರಿಂದ ಎಣ್ಣೆಯಲ್ಲಿ ಮೊದಲೇ ಅರಳಿಸಿದ ಜೆಲ್ಲನ್ನೇ ತರಿಸಿದೆ.

8ರಲ್ಲಿ ಇದು ಕೆಲಸ ಮಾಡಿತು. 5.1 ಸೆಂಟಿಮೀಟರು, ಎಣ್ಣೆ ಬಿಡಲಿಲ್ಲ. ಆದರೆ ಬಣ್ಣ ಇನ್ನೂ ಬೂದಿ.

ಏಪ್ರಿಲ್ 20, ಬ್ಯಾಚು 9

ಬೂದಿ ಹೋಗಿಸಲು ಐರನ್ ಆಕ್ಸೈಡ್: ಹಳದಿ 1 ಗ್ರಾಂ, ಕೆಂಪು 0.35, ಕಪ್ಪು 0.15. ಕೆಂಪು ಸ್ವಲ್ಪ ಹೆಚ್ಚಾದರೂ ಇಟ್ಟಿಗೆಯ ಬಣ್ಣ ಬರುತ್ತದೆ, ಹಾಗಾಗಿ ಕೊನೆಗೆ ಹಾಕಬೇಕು. ಇದು ಅಂದಕ್ಕಷ್ಟೇ ಅಲ್ಲ. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಕಪ್ಪಾಗಿಸುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಹೆಚ್ಚು ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ನಮ್ಮ ಮೈಬಣ್ಣದವರಿಗೆ ಬಿಳಿ ಕ್ರೀಮನ್ನೇ ಕೊಡುತ್ತ ಬಂದದ್ದು ನನಗೆ ನಿಜಕ್ಕೂ ಬೇಸರದ ವಿಷಯ.

100 ಗ್ರಾಂಗೆ ಈಗಿನ ಅಳತೆ: ಲೇಪಿತ ಜಿಂಕ್ ಆಕ್ಸೈಡ್ 20, ಅದನ್ನು ಬಿಡಿಬಿಡಿಯಾಗಿಡಲು ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಮ್ಲ 1, ಕೊಕೊ-ಕ್ಯಾಪ್ರಿಲೇಟ್ 14, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್ 10, ಎಮಲ್ಸಿಫೈಯರ್ 4, ಹೆಕ್ಟೊರೈಟ್ ಜೆಲ್ 6, ಜೇನುಮೇಣ 1, ಐರನ್ ಆಕ್ಸೈಡ್ 1.5, ವಿಟಮಿನ್ ಇ 0.3, ನೀರು 36.5, ಗ್ಲಿಸರಿನ್ 4, ಮೆಗ್ನೀಸಿಯಂ ಸಲ್ಫೇಟ್ 0.7, ಫಿನಾಕ್ಸಿಎಥನಾಲ್ ಇರುವ ಸಂರಕ್ಷಕ 1. ನೀರಿದ್ದಲ್ಲಿ ಸಂರಕ್ಷಕ ಬಿಡಲೇಬಾರದು, ನೀರು ಎಣ್ಣೆಯೊಳಗೆ ಅಡಗಿದ್ದರೂ ಸರಿ.

ಮೇ 26

9ಕ್ಕೆ ತಗಡಿನ ಕೆಳಗೆ 36 ದಿನ. ಮಧ್ಯಾಹ್ನ ಡಬ್ಬಿಯ ಪಕ್ಕದ ಥರ್ಮಾಮೀಟರು 47 ತೋರಿಸಿದ್ದೂ ಇದೆ. ಇನ್ನೊಂದು ಡಬ್ಬಿಯನ್ನು ಒಂದು ದಿನ ಫ್ರಿಜ್ಜು, ಒಂದು ದಿನ ಶೆಡ್ಡು ಎಂದು ಆರು ಸುತ್ತು ತಿರುಗಿಸಿದೆ. ಕಾಲೇಜಿನ ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ ಅರ್ಧ ಗಂಟೆ ಇಟ್ಟಾಗ ಮೇಲೆ ಕೂದಲೆಳೆಯಷ್ಟು ಎಣ್ಣೆ ಕಂಡಿತು, ತಳದಲ್ಲಿ ಪುಡಿ ಕೂರಲಿಲ್ಲ. ಗಾಜಿನ ಅಳತೆ 5.0.

ನಿನ್ನೆ ಅಕ್ಕ ತಾನೇ ಡಬ್ಬಿ ತೆಗೆದು ಕೆನ್ನೆಗೆ ಹಚ್ಚಿ, ಕಿವಿಯ ಹಿಂದೆ, ಕುತ್ತಿಗೆಯವರೆಗೂ ಎಳೆದುಕೊಂಡಳು. ಕುತ್ತಿಗೆಗೆ ಹಚ್ಚು ಎಂದು ನಾನು ಹೇಳಿರಲಿಲ್ಲ. ಕನ್ನಡಿ ನೋಡಿ "ಇದು ನನ್ನ ಮಾರಿ ಬಣ್ಣನ ಐತಿ" ಅಂದಳು. ಅವಳು ಹೋದ ಮೇಲೆ ಡಬ್ಬಿ ತೂಗಿದೆ: 0.8 ಗ್ರಾಂ. ಇನ್ನೂ 0.3 ಬೇಕು. 10ರಲ್ಲಿ ಜೇನುಮೇಣ ಪೂರ್ತಿ ತೆಗೆದು, ಜೆಲ್ಲನ್ನು 7ಕ್ಕೆ ಏರಿಸಿ ನೋಡುತ್ತೇನೆ.